ತಿರುಗಿ ಬರುವ ತಾರೀಖು

ನಮ್ಮ ಕಡೆ ಹೊಳೆ ಬರಲು ಇಲ್ಲಿ ಮಳೆಯಾಗಬೇಕೆಂದೇನಿಲ್ಲ. ಅಥಣಿ, ಜಮಖಂಡಿಯಲ್ಲಿ ಬಿಸಿಲು ಬಿದ್ದಿರುವಾಗಲೇ ಕೃಷ್ಣೆ ದಂಡೆ ಮೀರುತ್ತಾಳೆ. ನೀರು ಮಹಾರಾಷ್ಟ್ರದ ಘಟ್ಟದ್ದು. 105 ಟಿಎಂಸಿಯ ಕೊಯ್ನಾ ಜಲಾಶಯ ತುಂಬಿ ಗೇಟು ಎತ್ತಿದರು, ವಾರಣಾ, ಪಂಚಗಂಗಾ, ದೂಧಗಂಗಾ ಬಂದು ಕೂಡಿದವು ಎಂದರೆ ದಂಡೆಯ ಊರಿಗೆ ಗಂಟು ಕಟ್ಟಲು ಒಂದಿಷ್ಟು ಪುರಸೊತ್ತು ಸಿಗುತ್ತದೆ. ಘಟಪ್ರಭೆ ಅಷ್ಟು ಪುರಸೊತ್ತು ಕೊಡುವವಳಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಂದೇ ವಾರದಲ್ಲಿ ಏರಿದವು, ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ ಮೀರಿ ನೀರು ಬಿಡಬೇಕಾಯಿತು. ಅಂಥ ದಿನಗಳಲ್ಲಿ ನಲವತ್ತೈವತ್ತು ಮನೆಯ ಒಂದು ಸಣ್ಣ ಕ್ರೈಸ್ತ ಸಭೆ ಏನು ಮಾಡಬಲ್ಲದು, ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಎಡವುತ್ತದೆ ಎಂಬುದನ್ನು ಇಲ್ಲಿ ಬರೆದಿದೆ. ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳನ್ನೇ ಮನಸ್ಸಿನಲ್ಲಿಟ್ಟು ಬರೆದದ್ದು.

ಮೊದಲು ಒಂದು ಶಬ್ದದ ವಿಷಯ. ಕನ್ನಡ ಸತ್ಯವೇದ, ಅಂದರೆ ಬೈಬಲ್, ನಂಬಿಕೆ, ಪ್ರೀತಿ ಇವುಗಳ ನಡುವೆ ಇಡುವ ಶಬ್ದ ‘ನಿರೀಕ್ಷೆ’. ಆಸೆ ಎಂದಿಲ್ಲ, ಭರವಸೆ ಎಂದೂ ಇಲ್ಲ. ನಿರೀಕ್ಷೆ ಎಂದರೆ ಬರುವವರ ದಾರಿ ಕಾಯುವುದು. ಬಸ್ ಸ್ಟ್ಯಾಂಡಿನಲ್ಲಿ ಕೂತವನಿಗೆ ಇರುವುದು ಅದೇ. ಬರುವವನು ಬಾರದಿದ್ದರೆ ಆ ಶಬ್ದಕ್ಕೆ ಅರ್ಥ ಉಳಿಯುವುದಿಲ್ಲ. ಲೂಕನ ಸುವಾರ್ತೆಯಲ್ಲಿ, ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟವನನ್ನು ಉಳಿಸಿದ ಸಮಾರ್ಯದವನ ಕಥೆಯಲ್ಲಿ ಎಲ್ಲರ ಕಣ್ಣೂ ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ್ದರ ಮೇಲೆ ನಿಲ್ಲುತ್ತದೆ. ಮುಂದಿನ ಲೆಕ್ಕ ನೋಡುವವರು ಕಡಿಮೆ. ಛತ್ರದವನ ಕೈಯಲ್ಲಿ ಎರಡು ದಿನಾರಿ ಇಟ್ಟ, ಅಂದರೆ ಆ ಕಾಲದ ಎರಡು ದಿನದ ಕೂಲಿ. ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಎಂದ. ಮೊದಲ ದಿನದ ಮದ್ದು, ನಡುವಿನ ಖರ್ಚು, ತಿರುಗಿ ಬರುವ ಮಾತು ಮೂರೂ ಅಲ್ಲಿವೆ. ನಮ್ಮ ಸಭೆಗಳು ಮೊದಲನೆಯದನ್ನು ಚೆನ್ನಾಗಿ ಮಾಡುತ್ತವೆ. ಎರಡನೆಯದು ಅರ್ಧ ಆಗುತ್ತದೆ. ಮೂರನೆಯದು ಬಹುತೇಕ ಆಗುವುದೇ ಇಲ್ಲ.

ನೀರು ಏರುತ್ತಿರುವಾಗ ಚರ್ಚಿನವರ ಕೆಲಸ ನಿಜವಾಗಿ ಕಡಿಮೆ. ದೋಣಿ ಕೆಲಸ ಅಗ್ನಿಶಾಮಕದವರದು, ಎನ್‌ಡಿಆರ್‌ಎಫ್‌ನವರದು. ನಾವು ಹಗ್ಗ ಹಿಡಿದು ನೀರಿಗಿಳಿದರೆ ಅವರು ಉಳಿಸಬೇಕಾದ ತಲೆಗಳ ಲೆಕ್ಕಕ್ಕೆ ಇನ್ನೊಂದು ಸೇರುತ್ತದೆ. ಆಗ ಮಾಡಬಹುದಾದದ್ದು ಟ್ರ್ಯಾಕ್ಟರ್ ಹೊಂದಿಸುವುದು, ಒಂಟಿಯಾಗಿರುವ ಮುದುಕ ಮುದುಕಿಯರ ಮನೆ ಮನೆ ತಿರುಗುವುದು, ದನ ಕಟ್ಟಲು ಎತ್ತರದ ಜಾಗ ನೋಡುವುದು. ಜನ ಮನೆ ಬಿಟ್ಟು ಏಳದಿರುವುದಕ್ಕೆ ಹಟ ಎಷ್ಟೋ ಸಲ ಕಾರಣವಲ್ಲ, ಎಮ್ಮೆ ಕಾರಣ. ಎಮ್ಮೆಗೆ ಜಾಗ, ದಿನಕ್ಕೆ ಏಳೆಂಟು ಕಿಲೋ ಕಣಿಕೆ, ನಲವತ್ತೈವತ್ತು ಲೀಟರ್ ನೀರು ಗೊತ್ತಾಯಿತೆಂದರೆ ಮನೆಯವರು ತಾವಾಗಿ ಏಳುತ್ತಾರೆ.

ಶಾಲೆಗಳಲ್ಲಿ ತೆರೆಯುವ ಕೇಂದ್ರಕ್ಕೆ ಸರ್ಕಾರಿ ಕಾಗದದಲ್ಲಿ ಕಾಳಜಿ ಕೇಂದ್ರ ಎಂದು ಹೆಸರು, ಜನರ ಬಾಯಲ್ಲಿ ಇನ್ನೂ ಗಂಜಿ ಕೇಂದ್ರವೇ. ಅಲ್ಲಿ ಹೋಗಿ ಒಲೆ ಹೂಡುವ ಉತ್ಸಾಹ ಬೇಡ. ಸಾವಿರ ಮಂದಿಗೆ ಅನ್ನ ಬೇಯಿಸುವ ಕಲೆ, ಅದಕ್ಕೆ ಬೇಕಾದ ಹಂಡೆ, ಸೌಟು ಎಲ್ಲ ದಾಸೋಹದ ಮಠಗಳಲ್ಲಿವೆ. ಮೊದಲು ಪಿಡಿಒ ಅವರನ್ನೋ ಕೇಂದ್ರದ ನೋಡಲ್ ಅಧಿಕಾರಿಯನ್ನೋ ಕೇಳಿ: ಏನು ಕಡಿಮೆ ಬಿದ್ದಿದೆ? ಅಕ್ಕಿ ಎಂಬ ಉತ್ತರ ಬರುವುದು ಅಪರೂಪ. ಮಕ್ಕಳಿಗೆ ಹಾಲಿನ ಪುಡಿ, ಹೆಂಗಸರಿಗೆ ಪ್ಯಾಡು, ಹೊಸ ಒಳ ಉಡುಪು, ಪಾಯಖಾನೆಯ ದಾರಿಗೆ ಒಂದು ದೀಪ, ಸೊಳ್ಳೆ ಬತ್ತಿ. ಆಮೇಲೆ ರೊಟ್ಟಿ. ಜೋಳ ಉಂಡು ಬೆಳೆದ ಹೊಟ್ಟೆಗೆ ಮೂರನೇ ದಿನ ಅನ್ನ ಸಾಂಬಾರು ಸೇರುವುದಿಲ್ಲ.

ರೊಟ್ಟಿಯ ಕೆಲಸ ಸಭೆಯ ಹೆಣ್ಣುಮಕ್ಕಳ ಕೈಯಲ್ಲಿ ಅಚ್ಚುಕಟ್ಟಾಗಿ ಆಗುತ್ತದೆ. ಕಿಲೋ ಜೋಳದ ಹಿಟ್ಟಿಗೆ ಹದಿನೈದರಿಂದ ಇಪ್ಪತ್ತು ರೊಟ್ಟಿ ಬರುತ್ತವೆ, ಬಡಿಯುವ ಕೈ ತೆಳುವಾಗಿದ್ದರೆ ಇನ್ನೆರಡು ಹೆಚ್ಚು. ಇನ್ನೂರು ಮಂದಿಗೆ ಹೊತ್ತಿಗೆ ಎರಡರಂತೆ ನಾಲ್ಕು ನೂರು ರೊಟ್ಟಿ, ಅಂದರೆ ಇಪ್ಪತ್ತರಿಂದ ಇಪ್ಪತ್ತೇಳು ಕಿಲೋ ಹಿಟ್ಟು. ಹತ್ತು ಮನೆಗೆ ಹಂಚಿದರೆ ಒಂದೊಂದು ಮನೆಗೆ ನಲವತ್ತು. ಕೆಡುವುದು ಒಂದೇ ಕಡೆ: ಅವಸರಕ್ಕೆ ಬಿಸಿ ರೊಟ್ಟಿಯನ್ನೇ ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಾರೆ. ಒಳಗೆ ಬೆವರಿ, ಆಗಸ್ಟಿನ ತಂಪಿಗೆ ಮರುದಿನವೇ ಬೂಸರು. ಖಡಕ್ ಆಗುವ ತನಕ ಒಣಗಿಸಿ ಬಟ್ಟೆಯಲ್ಲೋ ಪೇಪರಿನಲ್ಲೋ ಸುತ್ತಿದರೆ ವಾರಗಟ್ಟಲೆ ಇರುತ್ತದೆ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಹಲ್ಲಿಲ್ಲದ ಮುದುಕರಿಗೆ ನೆನೆಸಿಕೊಳ್ಳಲು ಬಿಸಿ ಸಾರು ಇರಲೇಬೇಕು, ಇದನ್ನು ಮರೆಯುವವರೇ ಹೆಚ್ಚು.

ಹಳೆ ಬಟ್ಟೆ ತೆಗೆದುಕೊಳ್ಳಬೇಡಿ. ಇದನ್ನು ಇಷ್ಟು ಒರಟಾಗಿ ಹೇಳುವುದಕ್ಕೆ ಕಾರಣವಿದೆ. ಒಂದು ಟೆಂಪೋ ಬಟ್ಟೆ ವಿಂಗಡಿಸಲು ಇಬ್ಬರಿಗೆ ಇಡೀ ದಿನ ಬೇಕು. ಅದರಲ್ಲಿ ಅರ್ಧ ನಮ್ಮ ಹಳ್ಳಿಯ ಹೆಂಗಸರು ಉಡದ ಬಟ್ಟೆ, ಉಳಿದರ್ಧದಲ್ಲಿ ಗುಂಡಿ ಇರುವುದಿಲ್ಲ. ಕೊನೆಗೆ ಶಾಲೆಯ ಮೂಲೆಯಲ್ಲಿ ರಾಶಿಯಾಗಿ ಒದ್ದೆಯಾಗುತ್ತದೆ. ಹೊಸದೊಂದು ಸಾದಾ ಸೀರೆ, ಪರಕಾರ, ಟವೆಲ್, ಚಾದರ ಇವಿಷ್ಟೇ ಸಾಕು.

ನೀರು ಇಳಿದ ದಿನ ಟ್ರಕ್ಕುಗಳು ತಿರುಗಿ ಹೋಗುತ್ತವೆ, ಕ್ಯಾಮೆರಾದವರೂ. ನಮ್ಮಂಥವರ ಕೆಲಸ ಶುರುವಾಗುವುದು ಅಂದು.

ಮೊದಲು ಗೋಡೆ. ಹೊಳೆ ದಂಡೆಯ ಹಳೆ ಮನೆಗಳು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ನೀರಿನಲ್ಲಿ ನಿಂತಾಗ ಬೀಳದ ಗೋಡೆ ನೀರು ಇಳಿದು ಎರಡು ಮೂರು ದಿನಕ್ಕೆ, ಬಿಸಿಲು ಬಿದ್ದ ಮೇಲೆ ಕುಸಿಯುತ್ತದೆ. ಬುಡ ನೆನೆದು ಮೆತ್ತಗಾಗಿರುತ್ತದೆ, ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ, ಹೊರಗಿನಿಂದ ಒತ್ತಿ ಹಿಡಿದಿದ್ದ ನೀರೂ ಹೋಗಿರುತ್ತದೆ. ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ತೆರೆಯುತ್ತಿಲ್ಲ ಎಂದರೆ ಗೋಡೆ ವಾಲಿದೆ ಎಂದೇ ತಿಳಿಯಿರಿ. ಮನೆಯೊಡತಿಗೆ ಇರುವ ಅವಸರ ನಮಗೆ ಅರ್ಥವಾಗಬೇಕು. ಆದರೂ ಹೇಳಲೇಬೇಕು: “ಯಕ್ಕಾರ, ತಡೀರಿ, ಒಳಗ ಹೋಗಬ್ಯಾಡ್ರಿ. ಗ್ವಾಡಿ ಹಿಂದ ಒಮ್ಮೆ ನೋಡಿ ಬರ್ತೀವಿ.” ಹಿಂದಿನಿಂದ ನೋಡುವುದೆಂದರೆ ಬುಡದಲ್ಲಿ ಹೊಟ್ಟೆ ಬಂದಿದೆಯೇ, ಮೂಲೆಯಲ್ಲಿ ಮೇಲಿಂದ ಕೆಳಗೆ ಬಿರುಕು ಇದೆಯೇ ಎಂದು. ಎರಡರಲ್ಲಿ ಒಂದಿದ್ದರೂ ಒಳಗೆ ಯಾರೂ ಹೋಗಬಾರದು, ದೇವರ ಜಗುಲಿಯ ಮೇಲೆ ಏನು ಉಳಿದಿದ್ದರೂ.

ಗೋಡೆ ಗಟ್ಟಿ ಎಂದಾದರೆ ಮೇನ್ ಸ್ವಿಚ್ ಆಫ್. ಕಾಲಿಗೆ ಗಮ್‌ಬೂಟು, ಕೈಗೆ ಕೈಗವಸು. ಅಟ್ಟ, ಕಟ್ಟಿಗೆ ರಾಶಿ, ಗೋಡೆಯ ಸಂದಿಗೆ ಮೊದಲು ಕೋಲು ಹಾಕಿ ನೋಡಿ, ಹಾವೂ ಒಣ ಜಾಗ ಹುಡುಕಿಕೊಂಡೇ ಬಂದಿರುತ್ತದೆ. ಯಾರಿಗಾದರೂ ಕಚ್ಚಿದರೆ ಕೊಯ್ಯುವುದು, ಕಟ್ಟುವುದು ಬೇಡ, ಆ ಕೈಕಾಲು ಅಲುಗಾಡದಂತೆ ಮಾಡಿ ಸೀದಾ ಸರ್ಕಾರಿ ಆಸ್ಪತ್ರೆಗೆ. ಸಲಿಕೆ ಹಿಡಿಯುವ ಮುನ್ನ ಫೋಟೋ: ಹೊರಗಿನಿಂದ ನಾಲ್ಕೂ ಮಗ್ಗುಲು, ಒಳಗೆ ಒಂದೊಂದು ಖೋಲಿ, ಗೋಡೆಯ ಮೇಲಿನ ನೀರಿನ ಗುರುತು, ಮನೆಯವರು ನಿಂತಂತೆ ಒಂದು. 2019ರಲ್ಲಿ ಮನೆ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅದೂ ಕಂತಿನಲ್ಲಿ, ಮನೆ ಕಟ್ಟಿದ ಹಾಗೆ. ಸರ್ವೆ ಬರುವ ಮುನ್ನ ನಾವು ಚೊಕ್ಕ ತೊಳೆದುಕೊಟ್ಟ ಮನೆ ಕಾಗದದ ಮೇಲೆ ಹಾನಿಯೇ ಆಗದ ಮನೆಯಾಗುವ ಅಪಾಯವಿದೆ. ಸೇವೆಯ ಹುರುಪಿನಲ್ಲಿ ಆಗುವ ನಷ್ಟ ಇದು. ಮೊತ್ತ, ನಿಯಮ ಪ್ರತಿ ಸಲವೂ ಬದಲಾಗುತ್ತವೆ, ಆ ವರ್ಷದ ಆದೇಶ ಓದಿಯೇ ಮಾತಾಡಿ.

ಕೆಸರನ್ನು ಹಸಿ ಇರುವಾಗಲೇ ಎಳೆಯಬೇಕು. ಎರಿ ಮಣ್ಣಿನ ರಾಡಿ ನಾಲ್ಕು ದಿನ ಬಿಸಿಲು ಕಂಡಿತೆಂದರೆ ಸಲಿಕೆ ಹೋಗುವುದಿಲ್ಲ, ಗುದ್ದಲಿ ಬೇಕು, ಗುದ್ದಲಿಯ ಪೆಟ್ಟನ್ನು ಸಡಿಲಾದ ಗೋಡೆ ತಡೆಯುವುದಿಲ್ಲ. ರಾಮದುರ್ಗ, ಗುಳೇದಗುಡ್ಡದ ನೇಕಾರರ ಮನೆಗಳಲ್ಲಿ ಇನ್ನೊಂದು ಕೆಲಸ: ಕುಣಿಮಗ್ಗದ ಕುಣಿ. ನೀರು ತೋಡಿ, ರಾಡಿ ತೆಗೆದು, ಸುಣ್ಣ ಹಾಕಿ ಒಣಗಲು ಬಿಡಬೇಕು. ರಾಡಿ ಹಿಡಿದ ಹಾಸನ್ನು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲನ್ನು, ಉಳಿಸುವ ಆಸೆ ಬೇಡ, ಕತ್ತರಿಸಿ ತೆಗೆದರೆ ಆ ನೂಲು ಹಾಯುವ ಫಣಿಯಾದರೂ ತುಕ್ಕು ಹಿಡಿಯದೆ ಉಳಿಯುತ್ತದೆ. ವಿದ್ಯುತ್ ಮಗ್ಗದ ಮೋಟರನ್ನು ಬಿಚ್ಚಿ ಒಣಗಿಸಿ, ಮೋಟರ್ ಕಟ್ಟುವವರಿಗೆ ತೋರಿಸದೆ ಚಾಲೂ ಮಾಡಿದರೆ ಅದೂ ಸುಟ್ಟುಹೋಗುತ್ತದೆ.

ಇನ್ನು ಬಾವಿ. ಸಭೆಯ ಹುಡುಗರು ಸರಿಯಾಗಿ ಕಲಿತು ಮಾಡಿದರೆ ಇಡೀ ಓಣಿಗೆ ಉಪಕಾರವಾಗುವ ಕೆಲಸ ಇದು. ಬ್ಲೀಚಿಂಗ್ ಪೌಡರ್ ಹಿಡಿ ಹಿಡಿಯಾಗಿ ಎಸೆಯುವುದು ರೂಢಿ. ಕೆಲವು ಕಡೆ ವಾಸನೆ ಬಂದರೆ ಸಾಕು ಎನ್ನುತ್ತಾರೆ. ಅದಕ್ಕೊಂದು ಲೆಕ್ಕವಿದೆ. ಮೊದಲು ರಾಡಿ ನೀರು ಹೊರಗೆ ಹಾಕಬೇಕು, ಆದರೆ ಸುತ್ತಲಿನ ನೆಲ ಇನ್ನೂ ನೀರು ಕುಡಿದುಕೊಂಡಿರುವಾಗ ಮೋಟರ್ ಹಚ್ಚಿ ಒಮ್ಮೆಗೇ ಖಾಲಿ ಮಾಡಿದರೆ ಹೊರಗಿನ ನೀರಿನ ಒತ್ತಡಕ್ಕೆ ಬಾವಿಯ ಕಟ್ಟಡ ಒಳಗೆ ಕುಸಿಯುತ್ತದೆ. ಹಂತ ಹಂತವಾಗಿ ಎತ್ತಬೇಕು. ಹೊಸ ನೀರು ಬಂದ ಮೇಲೆ ಅಳತೆ: ಬಾವಿಯ ಅಡ್ಡಗಲವನ್ನು ಅಡ್ಡಗಲದಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಎಲ್ಲ ಮೀಟರಿನಲ್ಲಿ. ಬಂದದ್ದು ಘನ ಮೀಟರ್, ಒಂದು ಘನ ಮೀಟರಿಗೆ ಸಾವಿರ ಲೀಟರ್. ಅಡ್ಡಗಲ 3 ಮೀಟರ್, ನೀರು 4 ಮೀಟರ್ ಇದ್ದರೆ ಸುಮಾರು 28,260 ಲೀಟರ್. ಸಾವಿರ ಲೀಟರಿಗೆ ಒಳ್ಳೆಯ ಪೌಡರ್ 2.5 ಗ್ರಾಂ, ಹಾಗಾಗಿ ಸುಮಾರು 71 ಗ್ರಾಂ. ಪ್ರವಾಹದ ನಂತರ ಅದರ ಎರಡು ಪಟ್ಟು, 142 ಗ್ರಾಂ.

ಇಷ್ಟನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಮೊದಲು ಹಿಟ್ಟಿನಂತೆ ಕಲಸಬೇಕು, ಆಮೇಲೆ ಮುಕ್ಕಾಲು ಬಕೆಟ್ ನೀರು. ಐದರಿಂದ ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಸಿದು, ಹಗ್ಗ ಕಟ್ಟಿ ನೀರಿನೊಳಗೆ ಇಳಿಬಿಟ್ಟು, ಮೇಲೆ ಕೆಳಗೆ ಜಗ್ಗಾಡಬೇಕು. ತಳದ ಸುಣ್ಣ ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆ, ಬೇಳೆ ಬೇಯುವುದಿಲ್ಲ ಎಂದು ಮರುದಿನವೇ ದೂರು ಬರುತ್ತದೆ. ಒಂದು ತಾಸು ಯಾರೂ ನೀರು ಸೇದಬಾರದು. ಆಮೇಲೆ ಕ್ಲೋರೋಸ್ಕೋಪಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಆರೋಗ್ಯ ಇಲಾಖೆಯ ಕಾರ್ಯಕರ್ತೆಯರ ಬಳಿ ಅದು ಇರುತ್ತದೆ, ಕರೆದರೆ ಬರುತ್ತಾರೆ. ಏನೂ ಉಳಿದಿಲ್ಲವೆಂದರೆ ಒಂದೋ ನೀರಿನಲ್ಲಿ ಹೊಲಸು ಹೆಚ್ಚಿದೆ, ಇಲ್ಲವೇ ಪೌಡರ್ ಸತ್ತಿದೆ. ಬಾಯಿ ಬಿಚ್ಚಿಟ್ಟ ಚೀಲದ ಪೌಡರ್ ಬಹುಬೇಗ ಕಸುವು ಕಳೆದುಕೊಳ್ಳುತ್ತದೆ. ಪುಕ್ಕಟೆ ಸಿಕ್ಕಿತೆಂದು ಹೋದ ವರ್ಷದ ಚೀಲ ತರಬೇಡಿ.

ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ. ಅದಿಲ್ಲದಿದ್ದರೆ ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಮಚದ ಮಟ್ಟಕ್ಕೆ ಸವರಿ. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ.

ಮನೆ, ನೀರು ಒಂದು ಹದಕ್ಕೆ ಬಂದ ಮೇಲೆ ಟ್ರಂಕು ತೆರೆಯುತ್ತಾರೆ. ಒಳಗೆ ಮನೆ ಹೊಲದ ಉತಾರ, ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು, ಮಗಳ ಮಾರ್ಕ್ಸ್ ಕಾರ್ಡು, ಎಲ್ಲ ಒಂದೇ ಹಸಿ ಮುದ್ದೆ. “ಕಾಗದಾನೂ ಹ್ವಾದ್ವಲ್ರಿ ಯಪ್ಪಾ” ಎಂಬ ಮಾತು ಬರುವುದು ಇಲ್ಲಿ. ಮನೆ ಹೋದಾಗ ಅಳದವರು ಇಲ್ಲಿ ಅಳುತ್ತಾರೆ. ಮುದ್ದೆಯನ್ನು ಬಿಡಿಸಲು ಎಳೆಯಬೇಡಿ. ತಾಟಿನಲ್ಲಿ ಶುದ್ಧ ನೀರು ಹಾಕಿ ಮುಳುಗಿಸಿ, ರಾಡಿ ತೊಳೆದು ಹೋಗಲಿ, ನೀರಿನಲ್ಲಿರುವಾಗಲೇ ಹಾಳೆಗಳು ತಾವಾಗಿ ಸಡಿಲಾಗುತ್ತವೆ. ಒಂದೊಂದನ್ನೂ ಅಚ್ಚಿಲ್ಲದ ಬಿಳಿ ಕಾಗದದ ನಡುವೆ ಇಟ್ಟು, ತಾಸಿಗೊಮ್ಮೆ ಕಾಗದ ಬದಲಿಸುತ್ತ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಸುರುಟುತ್ತದೆ, ಇಸ್ತ್ರಿ ಹಾಕಿದರೆ ಮೊಹರಿನ ಶಾಯಿ ಹೋಗುತ್ತದೆ. ಲ್ಯಾಮಿನೇಶನ್ ಮಾಡಿಸಿದ್ದನ್ನು ನಂಬಬೇಡಿ, ಅಂಚಿನಿಂದ ನೀರು ಹೊಕ್ಕು ಒಳಗೇ ಕೊಳೆಯುತ್ತದೆ. ಅಕ್ಷರ ಕಂಡ ಕೂಡಲೇ ಫೋಟೋ, ಜೊತೆಗೆ ಎಲ್ಲ ನಂಬರು ಒಂದು ನೋಟ್‌ಬುಕ್ಕಿನಲ್ಲಿ.

ಯೆರೆಮೀಯನ 32ನೇ ಅಧ್ಯಾಯವನ್ನು ಈ ಕೆಲಸ ಮಾಡಿದವರು ಬೇರೆ ರೀತಿ ಓದುತ್ತಾರೆ. ಯೆರೂಸಲೇಮಿಗೆ ಬಾಬೆಲಿನವರ ಮುತ್ತಿಗೆ ಬಿದ್ದಿದೆ, ಪ್ರವಾದಿ ಸೆರೆಯಲ್ಲಿದ್ದಾನೆ, ಊರು ಬೀಳುತ್ತದೆಂದು ಅವನೇ ಹೇಳಿದ್ದಾನೆ. ಆಗ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಳ್ಳುತ್ತಾನೆ. ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ, ಸಾಕ್ಷಿ ಹಾಕಿಸಿ, ಮೊಹರಿನದೊಂದು ತೆರೆದದ್ದೊಂದು ಎಂದು ಎರಡು ಪತ್ರ ಮಾಡಿಸಿ, ಬಹಳ ದಿನ ಬಾಳಲಿ ಎಂದು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಈ ನೆಲದಲ್ಲಿ ಮತ್ತೆ ಮನೆ, ಹೊಲ ಕೊಳ್ಳುವ ಕಾಲ ಬರುತ್ತದೆ ಎಂಬುದೇ ಆ ವ್ಯವಹಾರದ ಅರ್ಥ. ಸಬ್ ರಿಜಿಸ್ಟ್ರಾರ್ ಕಚೇರಿ ಕಂಡವರಿಗೆ ಅದರಲ್ಲಿ ಅರ್ಥವಾಗದ್ದು ಏನೂ ಇಲ್ಲ.

ಸರ್ವೆಯ ಹೊತ್ತಿಗೆ ಬರುವ ತೊಡಕೂ ಕಾಗದದ್ದೇ. ಉತಾರ ಸತ್ತ ಅಪ್ಪನ ಹೆಸರಿನಲ್ಲಿರುತ್ತದೆ, ಮೂರು ಮಂದಿ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ್ದರೂ ಕಾಗದದಲ್ಲಿ ಒಂದೇ ಮನೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ಬಾಡಿಗೆಯವನ ಹೆಸರು ಎಲ್ಲೂ ಇಲ್ಲ. ಓದುಬರಹ ಬಲ್ಲ ಇಬ್ಬರು ಹುಡುಗ ಹುಡುಗಿಯರು ಗ್ರಾಮ ಪಂಚಾಯತಿಯ ಕಟ್ಟೆಯ ಮೇಲೆ ಒಂದು ವಾರ ಕೂತು ಅರ್ಜಿ ಬರೆದುಕೊಟ್ಟರೆ, ಅದು ಹತ್ತು ಕ್ವಿಂಟಲ್ ಅಕ್ಕಿಗಿಂತ ಹೆಚ್ಚು.

ಯಾರಿಗೆ ಮೊದಲು ಎಂಬ ಪ್ರಶ್ನೆ ಪ್ರತಿ ಕಮಿಟಿಯಲ್ಲೂ ಏಳುತ್ತದೆ. ಯಾರಾದರೊಬ್ಬ ಹಿರಿಯರು ಗಲಾತ್ಯದ 6:10 ತೆಗೆಯುತ್ತಾರೆ, ನಂಬಿಕೆಯ ಮನೆಯವರಿಗೆ ವಿಶೇಷವಾಗಿ ಎಂದಿದೆಯಲ್ಲ ಎಂದು. ಅದೇ ವಚನದಲ್ಲಿ ಎಲ್ಲರಿಗೂ ಎಂಬ ಮಾತು ಮೊದಲು ಇದೆ. ಆದರೆ ಪಟ್ಟಿ ಮಾಡುವವರಿಗೆ ನಿಜವಾಗಿ ಉಪಯೋಗವಾಗುವುದು ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಡುತ್ತಿದ್ದಾರೆಂದು ಗುಣುಗುಟ್ಟುವಿಕೆ ಎದ್ದಿತು. ಹಂಚಿಕೆ ನೋಡಿಕೊಳ್ಳಲು ಆರಿಸಿದ ಏಳು ಮಂದಿಯ ಹೆಸರು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಬಿಟ್ಟುಹೋದವರ ಕೈಗೇ ಪಟ್ಟಿ ಕೊಟ್ಟರು ಎಂದು ನಾವು ಓದುತ್ತೇವೆ. ಊರ ಹೊರಗಿನ ಕೇರಿ, ಅಲೆಮಾರಿಗಳ ಜೋಪಡಿ, ಹೊರಗಿನಿಂದ ಬಂದ ಕೂಲಿಯವರು, ಒಂಟಿ ಹೆಂಗಸರು ಪ್ರತಿ ಸಲ ತಪ್ಪಿಹೋಗುವ ಮನೆಗಳು. ಆ ಕೇರಿಯ ಇಬ್ಬರು ಪಟ್ಟಿ ಬರೆಯಲಿ. ಟೋಕನ್ ಹಿಂದಿನ ದಿನವೇ ಮನೆಗೆ ಮುಟ್ಟಲಿ, ಹಂಚಿಕೆ ಪಟ್ಟಿಯ ಕೊನೆಯಿಂದ ಶುರುವಾಗಲಿ. ಗಾಡಿಯ ಮೇಲೆ ನಿಂತು ಎಸೆಯುವುದಂತೂ ಎಂದೂ ಬೇಡ.

ಕಿಟ್ಟಿನಲ್ಲಿ ಸುವಾರ್ತೆಯ ಕರಪತ್ರ ಇಡಬೇಡಿ. 1876–78ರ ಬರಗಾಲದಲ್ಲಿ ಬಾಸೆಲ್ ಮಿಶನ್ನಿನವರು ಅನಾಥ ಮಕ್ಕಳನ್ನು ಸಾಕಿದರು, ಗಂಜಿಗಾಗಿ ಕ್ರೈಸ್ತರಾದರು ಎಂಬ ಚುಚ್ಚುಮಾತೂ ಅಂಥ ಕಾಲಗಳ ಬೆನ್ನಿಗೇ ಉಳಿದು ಬಂದಿದೆ. ಆ ಮಾತಿಗಿಂತ ದೊಡ್ಡ ಕಾರಣ ಇನ್ನೊಂದಿದೆ: ಹಸಿದವನಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಪ್ರಾರ್ಥಿಸಲೇ ಎಂದು ಕೇಳುವುದೂ ಮೊದಲ ದಿನಗಳಲ್ಲಿ ಬೇಡ. ಅವರಾಗಿ ಕೇಳಿದರೆ ಮಾಡಿ, ಚಿಕ್ಕದಾಗಿ.

ಬಾಯಿಗೆ ಬೀಗ ಹಾಕಬೇಕಾದ ಮಾತುಗಳೂ ಇವೆ. ದೇವರ ಚಿತ್ತ, ಪಾಪದ ಫಲ, ನಿಮ್ಮ ನಂಬಿಕೆಯ ಪರೀಕ್ಷೆ. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳೋ ಎಂದು ಕೇಳಿ, ಅಲ್ಲ ಎಂದವನು ಯೇಸುವೇ. ಗೋಡೆ ಬಿದ್ದ ಮನೆಯ ಮುಂದೆ ನಿಂತವರಿಗೆ ಅಷ್ಟು ನೆನಪಿದ್ದರೆ ಸಾಕು. ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಸುಮ್ಮನೆ ನೆಲದ ಮೇಲೆ ಕೂತಿದ್ದರು. ಅಲ್ಲಿಯವರೆಗೆ ಸರಿಯಾಗಿಯೇ ಇದ್ದರು. ಸಭೆಯೊಳಗಿನ ಆರಾಧನೆಯಲ್ಲೂ ಆ ಭಾನುವಾರ ಚಪ್ಪಾಳೆಯ ಹಾಡು ಬೇಡ. ಕುತ್ತಿಗೆಯ ತನಕ ನೀರು, ಕಾಲು ಊರಲು ನೆಲವಿಲ್ಲದ ಕೆಸರು ಎಂದು ಮೊರೆಯಿಡುವ 69ನೇ ಕೀರ್ತನೆ ಇದೆ, ಅದನ್ನು ನಿಧಾನವಾಗಿ ಓದಿ. ಅದರಲ್ಲಿ ಸಿಟ್ಟೂ ಇದೆ. ಇರಲಿ, ಬಿಟ್ಟು ಓದಬೇಡಿ.

ಹಣದ ಮಾತು ಚುಟುಕಾಗಿ. ಪ್ರತ್ಯೇಕ ಕ್ಯಾಶ್‌ಬುಕ್ಕು, ಇಬ್ಬರ ಸಹಿ, ಪ್ರತಿ ಕಾಣಿಕೆಗೆ ರಸೀದಿ. ವಿದೇಶಿ ಪ್ರಜೆ ಅಥವಾ ವಿದೇಶಿ ಸಂಸ್ಥೆಯ ಹಣ, ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ಒಂದು ರೂಪಾಯಿಯೂ ಬೇಡ. ಬಂದದ್ದರಲ್ಲಿ ಮೂರರಲ್ಲೊಂದು ಪಾಲನ್ನು ಮೊದಲ ತಿಂಗಳು ಮುಟ್ಟದೆ ಇಡಿ. ಹುರುಪಿನಲ್ಲಿ ಎಲ್ಲ ಖರ್ಚಾಗಿ ಸೆಪ್ಟೆಂಬರಿಗೆ ಕೈ ಖಾಲಿ ಮಾಡಿಕೊಳ್ಳುವುದು ಸಭೆಗಳು ಮಾಡುವ ಅತಿ ದೊಡ್ಡ ತಪ್ಪು, ಏಕೆಂದರೆ ಬಿತ್ತನೆ ಆಗ ಬರುತ್ತದೆ.

ಮುಂಗಾರಿಯ ಹೆಸರು, ಗೋವಿನಜೋಳ ಕೊಚ್ಚಿಹೋಗಿರುತ್ತವೆ, ನೀರಿನಲ್ಲಿ ನಿಂತ ಕಬ್ಬು ಕೊಳೆತಿರುತ್ತದೆ. ಆದರೆ ಹಿಂಗಾರಿ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್ ಎರಡನೇ ಪಕ್ಷದಿಂದ ಅಕ್ಟೋಬರ್ ನಡುವಿನ ತನಕ. ಆಗಸ್ಟ್ ನಡುವೆ ನೀರು ಇಳಿದರೆ ಹೊಲದ ಕಸ, ಉಸುಕು ತೆಗೆದು ಹದ ಮಾಡಲು ಐದಾರು ವಾರ ಸಿಗುತ್ತವೆ. ಮಾಲದಂಡಿ ಎಂ 35-1 ತಳಿಯ ಜೋಳ ಎಕರೆಗೆ 3 ಕಿಲೋ ಸಾಕು, ಕಡಲೆಯಾದರೆ 20ರಿಂದ 25 ಕಿಲೋ. ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ಬೀಜಕ್ಕೆ ಮತ್ತೆ ಉತಾರ ಕೇಳುತ್ತಾರೆ, ಒಣಗಿಸಿಟ್ಟ ಕಾಗದ ಆಗ ಹೊರಗೆ ಬರುತ್ತದೆ. ಲಾವಣಿ ಮಾಡುವವರಿಗೆ, ಅಂದರೆ ಬೇರೆಯವರ ಹೊಲ ಹಿಡಿದವರಿಗೆ, ಅದು ಸಿಗುವುದಿಲ್ಲ. ಮುಟ್ಟದೆ ಇಟ್ಟ ಹಣ ಇವರ ಬೀಜಕ್ಕೆ, ಕೂರಿಗೆ ಹೂಡುವ ಎತ್ತಿನ ಬಾಡಿಗೆಗೆ.

ಆದ್ದರಿಂದ ಮೊದಲ ಸಲ ಊರು ಬಿಡುವಾಗಲೇ ತಾರೀಖು ಹೇಳಿ ಬರಬೇಕು. ಎಂಟನೇ ದಿನ ಬಾವಿಗೆ, ಇಪ್ಪತ್ತನೇ ದಿನ ಅರ್ಜಿಗೆ, ಬಿತ್ತುವ ವಾರ ಬೀಜಕ್ಕೆ. ನೋಟ್‌ಬುಕ್ಕಿನಲ್ಲಿ ಮನೆಯ ಹೆಸರಿನ ಮುಂದೆ ಬರೆದುಕೊಳ್ಳಿ, ಗುಡಿಯ ಕಟ್ಟೆಯ ಮೇಲೆ ಕೂತವರಿಗೂ ಕೇಳುವಂತೆ ಹೇಳಿ. ಆ ದಿನ ಕೈಯಲ್ಲಿ ಕೊಡಲು ಏನೂ ಇರದಿದ್ದರೂ ಹೋಗಬೇಕು. ಬರಿಗೈಯಲ್ಲಿ ಹೇಗೆ ಹೋಗುವುದು ಎಂಬ ನಾಚಿಕೆಯಿಂದಲೇ ಎಷ್ಟೋ ಸಭೆಗಳು ಹೋಗುವುದನ್ನು ಬಿಟ್ಟಿವೆ. ಬರಿಗೈಯಲ್ಲಿ ಹೋದ ದಿನ ಅವರು ಚಹಾ ಕೊಡುತ್ತಾರೆ. ಬೇಡವೆನ್ನದೆ ಕುಡಿಯಿರಿ.

ಡಿಸೆಂಬರ್ ಕೊನೆಗೆ ಜೋಳ ಹಾಲುಗಾಳಾಗುತ್ತದೆ. ತೆನೆ ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಶೇಂಗಾ ಹಿಂಡಿಯ ಜೊತೆ ಸೀತನಿ ತಿನ್ನುವ ಕಾಲ. ಹೊಲದವರು ಆಗ ತಾವೇ ಫೋನ್ ಮಾಡುತ್ತಾರೆ, ಈ ಸಲ ತಾರೀಖು ಅವರೇ ಹೇಳುತ್ತಾರೆ: “ಐತವಾರ ಚರ್ಚ್ ಮುಗಿಸಿಕೊಂಡು ಎಲ್ಲಾರೂ ಬಂದ್ಬಿಡ್ರಿ. ಮಧ್ಯಾಹ್ನ ದಾಟಿದ್ರ ತೆನಿ ಬಲೀತಾವು.”